ಅಪ್ಪನಿಗೆ ಕೇಳಿಸದ ಇಂಗ್ಲಿಷ್

ನಮ್ಮ ಅಡುಗೆಮನೆಗೂ ಒಂಬತ್ತನೇ ಕ್ಲಾಸಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಚಾಮರಾಜಪೇಟೆಯ ಆ ಹೈಸ್ಕೂಲಿನ ಹಿಂಭಾಗದಲ್ಲಿ ಮಿಕ್ಕ ಜಾಗದಲ್ಲಿ ಆಡಳಿತ ಮಂಡಳಿಯವರು ಶಾಲೆಗೇ ಒತ್ತಿಕೊಂಡಂತೆ ಮೂರು ಕೋಣೆಯ ಮನೆಯೊಂದನ್ನು ಕಟ್ಟಿಸಿದ್ದರು. ಮೇಷ್ಟ್ರುಗಳಲ್ಲಿ ಒಬ್ಬರು ಅಲ್ಲಿ ಸಂಸಾರ ಹೂಡಿಕೊಂಡು, ಬೆಳಿಗ್ಗೆ ಶಾಲೆಯ ಗೇಟು ತೆಗೆದು ಸಂಜೆ ಬೀಗ ಹಾಕಬೇಕು ಎನ್ನುವುದು ಏರ್ಪಾಡು. ಮಾಗಡಿ ಕಡೆಯ ಹಳ್ಳಿಯಿಂದ ಓದಲು ಬಂದು ಇಲ್ಲೇ ಇಂಗ್ಲಿಷ್ ಮೇಷ್ಟ್ರಾಗಿ ನಿಂತುಬಿಟ್ಟಿದ್ದ ನಮ್ಮಪ್ಪನಿಗೆ ಆ ಮನೆ ಸಿಕ್ಕಿತ್ತು. ಮುಂದೆ ಹಜಾರ, ಅದರಲ್ಲಿ ಅಜ್ಜಿಯ ಮಂಚ ಮತ್ತು ಅಪ್ಪನ ಮೇಜು. ನಡುವೆ ನಾವು ಮಲಗುವ ಕೋಣೆ. ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಹಂಡೆ ಹೂತಿದ್ದ ಬಚ್ಚಲು. ಶಾಲೆಯ ಕಟ್ಟಡದ ನೆರಳು ಬಿದ್ದು ಮನೆಯೊಳಗೆ ಹಗಲೂ ಮಬ್ಬು. ಅಮ್ಮ ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಆದರೆ ಮುದ್ದೆ ತಿರುವುತ್ತ, ಸೊಪ್ಪು ಸೋಸುತ್ತ, ಗೋಡೆಯಾಚೆಯಿಂದ ಬರುತ್ತಿದ್ದ ಅಪ್ಪನ ಪಾಠ ಕೇಳಿ ಕೇಳಿ ಅವಳಿಗೆ ಯಾವ ತಿಂಗಳಲ್ಲಿ ಯಾವ ಪಾಠ ಎಂಬುದೆಲ್ಲ ಬಾಯಿಪಾಠವಾಗಿತ್ತು. ಅರ್ಥ ಗೊತ್ತಿಲ್ಲದಿದ್ದರೂ ಅಪ್ಪನ ದನಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಗೊತ್ತಿತ್ತು.

ಅಪ್ಪ ಆ ಕಾಲದ ಬಹುಪಾಲು ಮೇಷ್ಟ್ರುಗಳ ಹಾಗೆಯೇ ಪಾಠ ಮಾಡುತ್ತಿದ್ದ. ತಾನೊಮ್ಮೆ ಓದುವುದು, ಒಬ್ಬೊಬ್ಬರನ್ನೇ ಎಬ್ಬಿಸಿ ಓದಿಸುವುದು, ಕನ್ನಡದಲ್ಲಿ ಅರ್ಥ ಹೇಳುವುದು, ಕೊನೆಗೆ ಪ್ರಶ್ನೆಗೆ ಉತ್ತರ ಬರೆಸುವುದು. ಅವನ ಹೆಚ್ಚುಗಾರಿಕೆಯೆಲ್ಲ ಕಿವಿಯದು. ಹುಡುಗರು ಓದುವಾಗ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಉಚ್ಚಾರ ತಪ್ಪಿದ ಕ್ಷಣ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೆರಳು ಎದ್ದರೆ ಓದುತ್ತಿದ್ದವರು ಅಲ್ಲೇ ನಿಂತು, ಸರಿಯಾಗುವವರೆಗೂ ಅದೇ ಪದವನ್ನು ಹೇಳಬೇಕು. ತಾನು ಕಾಲೇಜಿಗೆ ಬಂದ ಹೊಸದರಲ್ಲಿ ಸ್ಕೂಲನ್ನು ‘ಇಸ್ಕೂಲು’ ಅಂದು ಇಡೀ ಕ್ಲಾಸಿನಿಂದ ನಗಿಸಿಕೊಂಡಿದ್ದನಂತೆ. ಆಮೇಲೆ ರೇಡಿಯೋದ ಇಂಗ್ಲಿಷ್ ವಾರ್ತೆಗೆ ಕಿವಿ ಹಚ್ಚಿ ಕೂತು ನಾಲಿಗೆ ತಿದ್ದಿಕೊಂಡವನು. ಆ ಬೆರಳಿಗೆ ಹೆದರಿ ಒಂಬತ್ತನೇ ಕ್ಲಾಸಿನಲ್ಲಿ ಯಾರೂ ತಾವಾಗಿ ಒಂದು ಇಂಗ್ಲಿಷ್ ವಾಕ್ಯ ಆಡುತ್ತಿರಲಿಲ್ಲ. ಊಟಕ್ಕೆ ಕೂತಾಗ ನನ್ನ ಮೇಲೂ ಆ ಬೆರಳು ಏಳುತ್ತಿತ್ತು.

ಅದು ಏಳುವುದು ಕಡಿಮೆಯಾದದ್ದನ್ನು ಮೊದಲು ಗಮನಿಸಿದವಳು ನಾನೇ. ಎಂಟನೇ ಕ್ಲಾಸಿನ ಬೇಸಿಗೆಯಲ್ಲಿರಬೇಕು. ನಾನು ಬೇಕೆಂದೇ ಒಂದು ಪದವನ್ನು ಕೆಡಿಸಿ ಹೇಳಿದೆ. ಅಪ್ಪ ತಟ್ಟೆ ನೋಡುತ್ತಾ ಮುದ್ದೆ ಮುರಿಯುತ್ತಿದ್ದ. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಅದಾದ ಮೇಲೆ ರೇಡಿಯೋದ ಸದ್ದು ಹೆಚ್ಚುತ್ತಾ ಹೋಯಿತು. ಕುಕ್ಕರ್ ಕೂಗಿ ಕೂಗಿ ಬೇಳೆ ತಳ ಹಿಡಿದರೂ ಪಕ್ಕದಲ್ಲೇ ಇದ್ದ ಅಪ್ಪ ಎದ್ದು ಒಲೆ ಆರಿಸುತ್ತಿರಲಿಲ್ಲ. ಓದುವ ಗುಂಗಿನಲ್ಲಿರುತ್ತಾರೆ ಎಂದು ಅಮ್ಮ ಗೊಣಗುತ್ತಿದ್ದಳು. ಒಂದು ಭಾನುವಾರ ಅವಳು ನನ್ನನ್ನು ಕರೆದುಕೊಂಡು ಗವಿಪುರದ ದೇವಸ್ಥಾನಕ್ಕೆ ಹೋಗಿದ್ದಳು. ಹಿಂತಿರುಗಿದಾಗ ಅಪ್ಪ ಹಜಾರದ ಮೇಜಿನ ಮುಂದೆ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದ. ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದು, ಒದ್ದೆ ನೆಲದ ಮೇಲೆ ಬಿದ್ದುಕೊಂಡೇ ಇದ್ದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು. ಅಮ್ಮನ ಮುಖ ಕಂಡು ಅಪ್ಪ ಓಡಿ ಬಂದ. ಅವನು ಎತ್ತಲು ಹೋದರೆ ಅಜ್ಜಿ ಅವನ ಕೈ ತಳ್ಳಿದಳು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಅಜ್ಜಿ ಅಪ್ಪನ ಜೊತೆ ಮಾತಾಡಲಿಲ್ಲ. ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು.

“ಏಟೊತ್ತು ಕೂಗ್ದೆ ಅಂತೀಯ ಕಣವ್ವ. ಕುರ್ಚಿ ಜರುಗಿಸೋ ಸದ್ದು ನಂಗೆ ಕೇಳ್ತಾ ಇತ್ತು. ನನ್ನ ಮಗ ಎದ್ದು ಬರಲಿಲ್ಲ.”

ಅಪ್ಪ ಬಾಗಿಲ ಬಳಿ ನಿಂತಿರುತ್ತಿದ್ದ. ಅವಳ ಮಾತು ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನಾನೂ ಅಮ್ಮನೂ ಅವನ ಮುಖ ನೋಡುತ್ತಿದ್ದೆವು. ಆ ವಾರವೇ ಅಮ್ಮ ನನ್ನನ್ನು ಅಪ್ಪನ ಬೆನ್ನ ಹಿಂದೆ ನಿಲ್ಲಿಸಿ, ಮೆಲ್ಲಗೆ ಕರೆ ಎಂದಳು. ಕರೆದೆ. ಇನ್ನೂ ಸ್ವಲ್ಪ ಜೋರಾಗಿ ಎಂದಳು. ಕರೆದೆ. ಅಪ್ಪ ಪೆನ್ನಿನ ಕ್ಯಾಪು ತೆಗೆದು, ನಿಬ್ಬು ಒರೆಸಿ, ಮತ್ತೆ ಬರೆಯಲು ಶುರುಮಾಡಿದ. ಅಮ್ಮ ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಕೈಬಿಟ್ಟಳು. ಆ ಸದ್ದಿಗೆ ಅಪ್ಪ ತಿರುಗಿದ. ನಾವಿಬ್ಬರೂ ಅಲ್ಲಿ ಯಾಕೆ ನಿಂತಿದ್ದೇವೆ ಎಂದು ಅವನಿಗೆ ಅರ್ಥವಾದದ್ದು ಅವನ ಕಣ್ಣಲ್ಲೇ ಕಂಡಿತು.

ಬಸವನಗುಡಿಯ ಡಾಕ್ಟರು, ಎರಡೂ ಕಿವಿಯ ನರ ಸೊರಗುತ್ತಿದೆ, ಹೋದದ್ದು ಮರಳುವುದಿಲ್ಲ, ಇರುವುದೂ ನಿಧಾನಕ್ಕೆ ಹೋಗುತ್ತದೆ ಎಂದರು. ತೆಳುವಾದ ಸದ್ದುಗಳು ಮೊದಲು ಹೋಗುತ್ತವಂತೆ. ಯಾವುವು ಎಂದು ಅಮ್ಮ ಕೇಳಿದಳು. ಸ, ಶ, ಫ, ಥ, ಅಂಥವು ಎಂದರು ಡಾಕ್ಟರು. ಅಪ್ಪ ಅವರ ತುಟಿಯನ್ನೇ ನೋಡುತ್ತಿದ್ದವನು ಸಣ್ಣಗೆ ನಕ್ಕ. ಜೀವಮಾನವೆಲ್ಲ ಬೆರಳೆತ್ತಿ ತಿದ್ದಿದ ಸದ್ದುಗಳೇ ಅವು. ಜೇಬಿನಲ್ಲಿಟ್ಟುಕೊಳ್ಳುವ ಪೆಟ್ಟಿಗೆ, ಅದರಿಂದ ಕಿವಿಗೆ ವೈರು ಇರುವ ಮೆಷಿನ್ನು ಬರುತ್ತದೆ, ಒಂದಷ್ಟು ಅನುಕೂಲವಾಗುತ್ತದೆ ಎಂದು ಹೇಳಿದ್ದಕ್ಕೆ ಬೇಡ ಎಂದುಬಿಟ್ಟ. ವೈರು ಕಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ಮನೆಗೆ ಬಂದು ಅಮ್ಮ ಬಾಗಿಲು ಹಾಕಿ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡಳು.

“ಮಂಜು, ಈ ವಿಷ್ಯ ಈ ಗೋಡೆ ಆಚೆ ಹೋಗಬಾರ್ದು. ಕೇಳ್ಸದೇ ಇರೋ ಮೇಷ್ಟ್ರಿಗೆ ಯಾರು ಕ್ಲಾಸ್ ಕೊಡ್ತಾರೆ? ಕ್ಲಾಸ್ ಇಲ್ದೋರಿಗೆ ಯಾರು ಮನೆ ಕೊಡ್ತಾರೆ?”

ಅಜ್ಜಿಗೂ ಹೇಳಬಾರದೆಂದು ತೀರ್ಮಾನವಾಯಿತು. ಅಜ್ಜಿಯದು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಅಭ್ಯಾಸವಾದ ದನಿ. ಅವಳಿಗೆ ಹೇಳಿದರೆ ಶಾಲೆಗೇ ಹೇಳಿದಂತೆ. ಹೀಗಾಗಿ ಅಜ್ಜಿ, ಮಗ ಬೇಕೆಂದೇ ಬರಲಿಲ್ಲ ಎಂದು ನಂಬಿಕೊಂಡು, ಊರಿನಿಂದ ಚಿಕ್ಕಪ್ಪ ಬಾಡಿಗೆಗೆ ಮಾಡಿಕೊಂಡು ಬಂದಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಹಳ್ಳಿಗೆ ಹೋದಳು. ಅಪ್ಪ ಕಾರಿನ ಕಿಟಕಿಗೆ ಬಗ್ಗಿ ಏನೋ ಹೇಳಲು ಹೋದ. ಅವಳು ಸೆರಗನ್ನು ಮುಖದ ಮೇಲೆಳೆದುಕೊಂಡಳು. ಅವಳ ಮಂಚ ಹಜಾರದಲ್ಲಿ ಹಾಗೇ ಉಳಿಯಿತು. ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ.

ಆಮೇಲೆ ಮನೆಯ ರೀತಿಯೇ ಬದಲಾಯಿತು. ಯಾರೂ ಬೆನ್ನು ಹಾಕಿ ಮಾತಾಡಬಾರದು, ಬಾಯಿಗೆ ಕೈ ಅಡ್ಡ ಹಿಡಿಯಬಾರದು, ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದು. ಊಟಕ್ಕೆ ಮೂವರೂ ಬಲ್ಬಿನ ಕೆಳಗೆ ಎದುರುಬದುರು ಕೂರುತ್ತಿದ್ದೆವು. ಸಂಜೆ ಕರೆಂಟು ಹೋದರೆ ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಮೇಣದಬತ್ತಿಯ ಬೆಳಕು ಸಾಲುತ್ತಿರಲಿಲ್ಲ. ಕತ್ತಲಲ್ಲಿ ಅಪ್ಪ ಒಬ್ಬನೇ ಎಲ್ಲೋ ಹೋದಂತಾಗುತ್ತಿತ್ತು. ನಾನೂ ಅಮ್ಮನೂ ಪಿಸುಮಾತೂ ಆಡದೆ ಕೂರುತ್ತಿದ್ದೆವು; ಅವನನ್ನು ಬಿಟ್ಟು ಮಾತಾಡುವುದು ತಪ್ಪು ಅನಿಸುತ್ತಿತ್ತು. ದಿನವೂ ಶಾಲೆ ಬಿಟ್ಟ ಮೇಲೆ ಅಮ್ಮ ಅಪ್ಪನ ಮುಂದೆ ಸ್ಟೂಲಿನ ಮೇಲೆ ಕೂತು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟ ಇಂಗ್ಲಿಷ್ ಪದಗಳನ್ನು ದನಿ ಹೊರಡಿಸದೆ ತುಟಿಯಲ್ಲಿ ಹೇಳುತ್ತಿದ್ದಳು. ಅಪ್ಪ ಅದನ್ನು ಕಂಡುಹಿಡಿಯಬೇಕು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಬ್ಬರೂ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ ಅನ್ನಿಸುತ್ತದೆ. ಆದರೆ ನನಗೆ ನೆನಪಿರುವುದು ಅಮ್ಮನ ಹಣೆಯ ಬೆವರು, ಅಪ್ಪನ ಕಣ್ಣಿನ ಸುಸ್ತು. ಈಗಲೂ ನಾನು ಎದುರಿನವರ ಬಾಯನ್ನೇ ನೋಡಿ ಮಾತಾಡುತ್ತೇನೆ. ನನ್ನ ವಿದ್ಯಾರ್ಥಿಗಳು ಅದನ್ನು ಸಿಟ್ಟು ಎಂದುಕೊಳ್ಳುತ್ತಾರೆ.

ಒಂಬತ್ತನೇ ಕ್ಲಾಸಿಗೆ ನಾನು ಬಂದೆ. ಮನೆಯಲ್ಲಿ ‘ಅಪ್ಪ, ನೀನು’ ಎನ್ನುತ್ತಿದ್ದವಳು ಗೋಡೆ ದಾಟಿದರೆ ‘ಸರ್, ನೀವು’ ಎನ್ನಬೇಕು. ಅಪ್ಪ ಹಳೆಯ ಕ್ರಮದಲ್ಲೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಓದಿಸುತ್ತಿದ್ದ. ಕಣ್ಣು ತೆರೆದು ಕೂತರೆ ಯಾಕೆಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ ಇರಬೇಕು. ಬೆರಳು ಮಾತ್ರ ಎಲ್ಲೆಲ್ಲೋ ಏಳುತ್ತಿತ್ತು, ಸರಿಯಾಗಿ ಓದಿದಲ್ಲೂ. ನನ್ನ ಹಿಂದಿನ ಬೆಂಚಿನಲ್ಲಿ ಶಿವರಾಜ ಎಂಬುವನಿದ್ದ. ಅವರ ಮನೆಯವರದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಬೆಳಗಿನ ಜಾವವೇ ಎದ್ದು ಮೂಟೆ ಇಳಿಸಿ ಬರುತ್ತಿದ್ದ ಅವನಿಗೆ ಕ್ಲಾಸಿನಲ್ಲಿ ನಿದ್ದೆ, ಇಲ್ಲದಿದ್ದರೆ ಚೇಷ್ಟೆ. ಅವನ ಸರದಿ ಬಂದಾಗ ಎದ್ದು ನಿಂತು ಎರಡು ಸಾಲು ಓದಿದ. ಮೂರನೇ ಸಾಲಿಗೆ ದನಿ ನಿಲ್ಲಿಸಿದ. ಪುಸ್ತಕ ಹಿಡಿದುಕೊಂಡು ಬರೀ ತುಟಿ ಆಡಿಸತೊಡಗಿದ. ಕೋಣೆ ಸ್ತಬ್ಧವಾಯಿತು. ಹೊರಗೆ ಯಾರೋ ನಲ್ಲಿ ತಿರುಗಿಸಿದ ಸದ್ದು ಕೇಳುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ಎಷ್ಟೋ ಹೊತ್ತಾದ ಮೇಲೆ ಹೇಳಿದ.

“ಗುಡ್. ಸಿಟ್ ಡೌನ್.”

ಇಡೀ ಕ್ಲಾಸು ನಕ್ಕಿತು. ಅಪ್ಪ ಕಣ್ಣು ತೆರೆದ. ನಗುವ ಬಾಯಿಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ನಗದೆ ಕೂತಿದ್ದವಳು ನಾನೊಬ್ಬಳೇ, ಅದರಿಂದಲೇ ಅವನಿಗೆ ಏನಾಯಿತೆಂದು ತಿಳಿದಿರಬೇಕು. ಗೋಡೆಯಾಚೆ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಕೂತುಬಿಟ್ಟಳಂತೆ. ಅಷ್ಟು ಹೊತ್ತು ಯಾರೂ ಓದದೆ ಇದ್ದದ್ದು, ಆಮೇಲೆ ಅಪ್ಪ ಗುಡ್ ಅಂದದ್ದು, ಆಮೇಲಿನ ನಗು, ಎಲ್ಲವೂ ಅವಳಿಗೆ ಕೇಳಿಸಿತ್ತು. ಆ ದಿನ ಅಪ್ಪ ಊಟ ಮಾಡಲಿಲ್ಲ. ಮೇಜಿನ ಮುಂದೆ ಕೂತು ಕಿಟಕಿಯಾಚೆಯ ಶಾಲೆಯ ಅಂಗಳ ನೋಡುತ್ತಿದ್ದ.

ಮರುದಿನ ಅಪ್ಪ ಕ್ಲಾಸಿಗೆ ಬಂದವನೇ ಒಂದು ಬಿಟ್ಟು ಒಂದು ಬೆಂಚನ್ನು ಹಿಂದಕ್ಕೆ ತಿರುಗಿಸಲು ಹೇಳಿದ. ನಾಲ್ಕು ನಾಲ್ಕು ಜನ ಮುಖಾಮುಖಿ ಕೂರುವ ಹಾಗಾಯಿತು. ಬೋರ್ಡಿನ ಮೇಲೆ ಪಾಠದ್ದೇ ಒಂದು ಪ್ರಶ್ನೆ ಬರೆದ. ಪಾಠದಲ್ಲಿ ಒಬ್ಬ ದೋಣಿಯವನು ಬಿರುಗಾಳಿಯ ದಿನ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ. ಅವನು ಮಾಡಿದ್ದು ಸರಿಯೇ ಎಂಬುದು ಪ್ರಶ್ನೆ. ಎದುರಿಗಿರುವವರನ್ನು ಇಂಗ್ಲಿಷಿನಲ್ಲಿ ಕೇಳಿ, ತಪ್ಪಾದರೆ ಆಗಲಿ, ಅವರು ಏನು ಹೇಳಿದರು ಎಂಬುದನ್ನು ನೀವು ಬಂದು ಬೋರ್ಡಿನ ಮೇಲೆ ಬರೆಯಿರಿ ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೋ ಒಂದು ಪದ ಅಂದರು. ಯಾರೋ ನಕ್ಕರು, ತಿದ್ದಿದರು. ಬೆರಳು ಏಳಲಿಲ್ಲ. ಅಪ್ಪ ಬೆಂಚುಗಳ ನಡುವೆ ಓಡಾಡುತ್ತಾ, ಬಗ್ಗಿ, ತುಟಿಗಳನ್ನು ನೋಡುತ್ತಿದ್ದ. ಹತ್ತು ನಿಮಿಷದಲ್ಲಿ ಎಷ್ಟು ಗಲಾಟೆಯಾಯಿತೆಂದರೆ, ಹುಡುಗರು ಹೊಡೆದಾಡುತ್ತಿದ್ದಾರೆ ಎಂದುಕೊಂಡು ಅಮ್ಮ ಹಿತ್ತಲ ಬಾಗಿಲಿನಿಂದ ಓಡಿ ಬಂದು ಕಿಟಕಿಯಲ್ಲಿ ಇಣುಕಿದಳು. ಅವಳ ಹಿಂದೆಯೇ ಹೆಡ್‌ಮಾಸ್ಟರೂ ಬಂದರು. ಅಪ್ಪ ಅವರನ್ನು ನೋಡಿ ನಮಸ್ಕಾರ ಮಾಡಿದ. ಅವರು ಒಂದಷ್ಟು ಹೊತ್ತು ನಿಂತು ನೋಡಿ ಹೋದರು. ಆ ಗಲಾಟೆಯಲ್ಲೇ ಶಿವರಾಜ ಎದ್ದು ಹೋಗಿ ಬೋರ್ಡಿನ ಮೇಲೆ, ದೋಣಿಯವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವರನ್ನು ಯಾರು ಕೇಳುತ್ತಾರೆ ಎನ್ನುವ ಅರ್ಥ ಬರುವ ಹಾಗೆ ಕಾಗುಣಿತ ತಪ್ಪಿ ಬರೆದ. ಅಪ್ಪ ಅದನ್ನು ತಿದ್ದಲಿಲ್ಲ. ಓದಿ, ಸೀಮೆಸುಣ್ಣದಲ್ಲಿ ಅದರ ಕೆಳಗೊಂದು ಗೆರೆ ಎಳೆದ.

ಹೀಗೆ ತಿಂಗಳುಗಳು ಕಳೆದವು. ಕ್ಲಾಸು ದಿನದಿನಕ್ಕೆ ಮಾತು ಕಲಿಯುತ್ತಿತ್ತು. ಅಪ್ಪನಿಗೆ ದಿನದಿನಕ್ಕೆ ಕೇಳಿಸುವುದು ಕಡಿಮೆಯಾಗುತ್ತಿತ್ತು. ಅಮ್ಮನಿಗೆ ಮೊದಲನೆಯದು ಮುಖ್ಯವಾಗಲೇ ಇಲ್ಲ. ಅಪ್ಪ ಗೇಟು ದಾಟಿ ರಸ್ತೆಗೆ ಹೋದರೆ ಹಿಂದಿನಿಂದ ಬಸ್ಸು ಬರುತ್ತದೆ ಎಂದು ಅವಳು ಗೇಟಿನಲ್ಲಿ ನಿಂತು ಕಾಯುತ್ತಿದ್ದಳು. ಹೆಡ್‌ಮಾಸ್ಟರು ಯಾರ ಹತ್ತಿರ ಏನು ಮಾತಾಡುತ್ತಾರೆ ಎಂದು ಗೋಡೆಗೆ ಕಿವಿ ಕೊಡುತ್ತಿದ್ದಳು. ವರ್ಷದ ಕೊನೆಗೆ ಇಲಾಖೆಯಿಂದ ಇನ್‌ಸ್ಪೆಕ್ಟರು ಬಂದು ಪಾಠ ನೋಡುತ್ತಾರೆ ಎಂದು ತಿಳಿದ ದಿನ ಅವಳು ಒಲೆಯ ಮುಂದೆ ಕೂತವಳು ಏಳಲಿಲ್ಲ. ಇನ್‌ಸ್ಪೆಕ್ಟರು ಬಂದರು. ಹಿಂದಿನ ಬೆಂಚಿನಲ್ಲಿ ಕೂತು, ಪೀರಿಯಡ್ ಮುಗಿಯುವವರೆಗೂ ನಮ್ಮ ಗಲಾಟೆ ಕೇಳಿದರು. ಅಪ್ಪ ಅಂದು ಆಡಿದ್ದು ಬೆರಳೆಣಿಕೆಯ ವಾಕ್ಯ. ಆಮೇಲೆ ಹೆಡ್‌ಮಾಸ್ಟರ ಜೊತೆ ಕಾಫಿಗೆ ನಮ್ಮ ಹಜಾರಕ್ಕೇ ಬಂದು, ಅಜ್ಜಿಯ ಮಂಚದ ಮೇಲೆ ಕೂತರು.

“ನೋಡಿ, ಟ್ರೈನಿಂಗಲ್ಲಿ ನಾವು ಬಡ್ಕೊಳ್ಳೋದು ಇದನ್ನೇ. ಮೇಷ್ಟ್ರು ಬಾಯಿ ಮುಚ್ಚಿದ್ರೆ ಮಕ್ಕಳು ಬಾಯಿ ಬಿಡ್ತಾರೆ ಅಂತ. ಗಂಗಣ್ಣನವರೇ, ನೀವು ಇದನ್ನ ಬೇರೆ ಶಾಲೆ ಮೇಷ್ಟ್ರುಗಳಿಗೆ ಮಾಡಿ ತೋರಿಸ್ಬೇಕು.”

ಅಪ್ಪ ಅವರ ಬಾಯನ್ನೇ ನೋಡುತ್ತಿದ್ದ. ಅವನ ಮುಖ ಅರಳಿತು. ಕಾಫಿ ಕೊಡುತ್ತಿದ್ದ ಅಮ್ಮನ ಕೈಯಲ್ಲಿ ಲೋಟ ಬಟ್ಟಲಿಗೆ ತಾಗಿ ಕಟಕಟ ಎಂದಿತು. ಆ ಸದ್ದು ಕೇಳಿಸದವನು ಅಲ್ಲಿ ಅಪ್ಪ ಒಬ್ಬನೇ.

ನಮ್ಮ ಮನೆಯಲ್ಲಿ ದೊಡ್ಡ ಜಗಳ ಅಂತ ಆದದ್ದು ಅದೊಂದೇ. ಜಗಳವಾದರೂ ಅಮ್ಮ ಬಲ್ಬಿನ ಕೆಳಗೆ ನಿಂತು, ಪದಪದವನ್ನೂ ಬಿಡಿಸಿ ಹೇಳಬೇಕಾಗಿತ್ತು. ಮೈಗೆ ಹುಷಾರಿಲ್ಲ ಎಂದು ಹೇಳಿ, ಹಳ್ಳಿಗೆ ಹೋಗಬೇಕು ಎಂದು ಹೇಳಿ, ಏನಾದರೂ ಹೇಳಿ ಎಂದು ಬೇಡಿಕೊಂಡಳು. ಮಕ್ಕಳ ಮುಂದೆ ನಡೆದದ್ದು ಮೇಷ್ಟ್ರುಗಳ ಮುಂದೆ ನಡೆಯುವುದಿಲ್ಲ ಎಂದಳು. ಅಪ್ಪ ಕೊನೆಯವರೆಗೂ ಅವಳ ತುಟಿ ನೋಡಿ ಹೇಳಿದ.

“ಜಯಾ, ಇಷ್ಟು ವರ್ಷ ನಾನು ಮಾಡಿದ್ದು ಪಾಠ ಅಲ್ಲ, ಬೆರಳೆತ್ತಿದ್ದು. ಈಗ ಮಾಡ್ತಾ ಇರೋದು ಪಾಠ. ಕಿವಿ ವಿಷ್ಯ ಸುಳ್ಳು ಹೇಳ್ತಿದೀನಿ, ಒಪ್ಕೊಳ್ತೀನಿ. ಪಾಠ ಸುಳ್ಳಲ್ಲ.”

ಅಮ್ಮ ಅವನ ಬಿಳಿ ಅಂಗಿಗೆ ಗಂಜಿ ಹಾಕಿ ಒಣಗಿಸಿದಳು.

ತರಬೇತಿ ನಡೆದದ್ದು ಬಸವನಗುಡಿಯ ಇನ್ನೊಂದು ಶಾಲೆಯ ಸಭಾಂಗಣದಲ್ಲಿ. ಮಾದರಿ ಪಾಠಕ್ಕೆಂದು ನಮ್ಮ ಕ್ಲಾಸಿನ ಕೆಲವರನ್ನು ಕರೆದುಕೊಂಡು ಹೋಗಿದ್ದರು. ಶಿವರಾಜನೂ ಇದ್ದ, ನಾನೂ ಇದ್ದೆ. ಪಾಠ ಚೆನ್ನಾಗಿಯೇ ಆಯಿತು. ನಾವು ಅಪ್ಪನಿಗೆ ಒಗ್ಗಿದವರು, ಅವನು ನಮ್ಮ ತುಟಿಗಳಿಗೆ ಒಗ್ಗಿದವನು. ಆಮೇಲೆ ನಮ್ಮನ್ನು ಪಕ್ಕದ ಬೆಂಚುಗಳಲ್ಲಿ ಕೂರಿಸಿ, ಮೇಷ್ಟ್ರುಗಳು ಪ್ರಶ್ನೆ ಕೇಳಬಹುದು ಎಂದರು. ಸಭಾಂಗಣ ಉದ್ದಕ್ಕಿತ್ತು. ತಲೆಯ ಮೇಲೆ ಹಳೆಯ ಫ್ಯಾನುಗಳು ಗರಗರ ಎನ್ನುತ್ತಿದ್ದವು. ಹಿಂದಿನ ಸಾಲಿನವರ ಬೆನ್ನ ಹಿಂದೆ ದೊಡ್ಡ ಕಿಟಕಿಗಳಿದ್ದು, ಅವುಗಳ ಬೆಳಕಿನಲ್ಲಿ ಅವರ ಮುಖಗಳೇ ಕಾಣುತ್ತಿರಲಿಲ್ಲ. ಅಪ್ಪನಿಗೆ ಅವರ ತುಟಿ ಕಾಣುವುದಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಹಿಂದಿನ ಸಾಲಿನಿಂದ ಒಬ್ಬ ಮೇಡಂ ಎದ್ದು ನಿಂತು, ಹೀಗೆ ಮಾಡುತ್ತಾ ಕೂತರೆ ಸಿಲಬಸ್ ಮುಗಿಸುವುದು ಯಾವಾಗ ಎಂದು ಕೇಳಿದರು. ಅಪ್ಪ ಮುಗುಳ್ನಕ್ಕು, ಬೆಂಚು ತಿರುಗಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ ಎಂದು ಉತ್ತರ ಕೊಟ್ಟ. ಕೆಲವರು ಹಿಂದಿರುಗಿ ನೋಡಿದರು. ಮೇಡಂ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಅಪ್ಪ ಬೆಂಚಿನ ವಿಷಯವನ್ನೇ ಇನ್ನಷ್ಟು ಬಿಡಿಸಿ ಹೇಳಿದ. ಬಲಗಡೆಯಿಂದ ಇನ್‌ಸ್ಪೆಕ್ಟರು ಅವನ ಹೆಸರು ಹಿಡಿದು ಕರೆದರು. ಅವನು ತಿರುಗಲಿಲ್ಲ. ಮತ್ತೆ ಕರೆದರು. ನಾನು ಎದ್ದು ನಿಂತೆ, ಆದರೆ ನನ್ನ ಬಾಯಿಂದ ಏನೂ ಬರಲಿಲ್ಲ. ಅಷ್ಟರಲ್ಲಿ ಆ ಮೇಡಂ ಸಾಲುಗಳ ನಡುವೆ ನಡೆದು ಮುಂದೆ ಬಂದರು. ಅಪ್ಪನ ಎದುರು ನಿಂತು, ಬೇರೆ ಯಾರಿಗೂ ಕೇಳಿಸದಂತೆ ಮೆತ್ತಗೆ ಕೇಳಿದರು. ನಾನು ಹತ್ತಿರದಲ್ಲಿದ್ದುದರಿಂದ ನನಗೆ ಕೇಳಿಸಿತು.

“ಸರ್, ನಿಮಗೆ ಕೇಳಿಸ್ತಾ ಇಲ್ವಾ?”

ಅವರ ಮುಖದ ಮೇಲೆ ಬೆಳಕಿತ್ತು. ಅಪ್ಪನಿಗೆ ಆ ಮಾತು ಪೂರ್ತಿ ಸಿಕ್ಕಿತು.

“ಇಲ್ಲಮ್ಮ,” ಎಂದ. ಆಮೇಲೆ ತಲೆಯೆತ್ತಿ ಎಲ್ಲರಿಗೂ ಹೇಳಿದ. “ನನಗೆ ಕಿವಿ ಕೇಳ್ಸಲ್ಲ. ಮಕ್ಕಳು ಏನು ಹೇಳ್ತಾರೋ ನನಗೆ ಗೊತ್ತಾಗ್ತಿರಲಿಲ್ಲ. ಅದಕ್ಕೆ ಅವರವರೇ ಹೇಳ್ಕೊಳ್ಳಿ ಅಂತ ಬಿಟ್ಟೆ. ಅವರು ಕಲಿತ್ರು.”

ಮುಂದಿನ ಸಾಲಿನವರೊಬ್ಬರು ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಇನ್‌ಸ್ಪೆಕ್ಟರು ಗಡಿಯಾರ ನೋಡಿ, ಊಟಕ್ಕೆ ಹೋಗೋಣ ಎಂದರು. ಊಟಕ್ಕೆ ಬಿಸಿಬೇಳೆ ಬಾತು ಮತ್ತು ಮೊಸರನ್ನ ಇತ್ತು. ಬೆಳಿಗ್ಗೆ ಅಪ್ಪನ ಕೈ ಕುಲುಕಲು ನಾ ಮುಂದು ತಾ ಮುಂದು ಎಂದು ಬಂದಿದ್ದ ಮೇಷ್ಟ್ರುಗಳು ತಟ್ಟೆ ಹಿಡಿದು ದೂರದ ಮರದ ಕೆಳಗೆ ನಿಂತರು. ಸಿಟ್ಟಿಗಲ್ಲ. ಏನು ಮಾತಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಅಪ್ಪ ನಮ್ಮ ಜೊತೆ ಜಗಲಿಯ ಮೇಲೆ ಕೂತ. ಅವನ ಕೈ ತಟ್ಟೆಗೆ ಹೋಗುತ್ತಿರಲಿಲ್ಲ. ಶಿವರಾಜ ತನ್ನ ಜಾಗದಿಂದ ಎದ್ದು ಬಂದು, ಅಪ್ಪನ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ತುಟಿ ಬಿಡಿಸಿ ನಿಧಾನವಾಗಿ ಹೇಳಿದ.

“ಸರ್, ಊಟ ಮಾಡಿ. ಆರೋಗುತ್ತೆ.”

ಹೆಡ್‌ಮಾಸ್ಟರು ಒಂದು ವಾರ ಏನೂ ಹೇಳಲಿಲ್ಲ. ಆ ವಾರ ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಕೊನೆಗೆ ಅವರು ಒಂದು ಸಂಜೆ ಬಂದು ಕೂತರು. ಕೆಟ್ಟವರಲ್ಲ, ಹೇಳಲು ಕಷ್ಟಪಡುತ್ತಿದ್ದರು. ಅಪ್ಪನಿಗೆ ಅರ್ಥವಾಗಲೆಂದು ಅಗತ್ಯಕ್ಕಿಂತ ಜೋರಾಗಿ ಕೂಗುತ್ತಿದ್ದರು. ಕೂಗುವಾಗ ಅವರ ಬಾಯಿ ಸೊಟ್ಟಗಾಗಿ ಅಪ್ಪನಿಗೆ ಏನೂ ಸಿಗುತ್ತಿರಲಿಲ್ಲ. ಅವರು ಹೇಳಿದ್ದನ್ನು ಅಮ್ಮ ದನಿಯಿಲ್ಲದೆ ತುಟಿಯಲ್ಲಿ ಮತ್ತೆ ಹೇಳಿದಳು: ಕೆಲಸ ಹೋಗುವುದಿಲ್ಲ, ಆಫೀಸಿನಲ್ಲಿ ದಾಖಲಾತಿ, ಅಂಕಪಟ್ಟಿ ನೋಡಿಕೊಳ್ಳಬೇಕು, ಕ್ಲಾಸು ಇರುವುದಿಲ್ಲ, ಬೇಸಿಗೆ ರಜೆಯೊಳಗೆ ಮನೆ ಬಿಡಬೇಕು. ಗಂಡನಿಗೆ ಆ ಸುದ್ದಿಯನ್ನು ತನ್ನ ಬಾಯಿಂದಲೇ ಹೇಳಬೇಕಾಗಿ ಬಂದದ್ದನ್ನು ಅಮ್ಮ ಕೊನೆಯವರೆಗೂ ಮರೆಯಲಿಲ್ಲ. ನಾವು ಹನುಮಂತನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆಗೆ ಹೋದೆವು. ಹೊಸ ಅಡುಗೆಮನೆಯ ಗೋಡೆಯಾಚೆ ಬೇರೆಯವರ ಅಡುಗೆಮನೆ ಇತ್ತು. ಅಲ್ಲಿಂದ ಮಿಕ್ಸಿಯ ಸದ್ದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಅಮ್ಮ ಕೆಲಸ ಮಾಡುತ್ತಾ ಎಷ್ಟೋ ಸಲ ಸುಮ್ಮನೆ ನಿಂತು ಕಾಯುವುದನ್ನು ನೋಡಿದ್ದೇನೆ.

ಇನ್ನು ಮುಚ್ಚಿಡಲು ಏನೂ ಇರಲಿಲ್ಲವಾದ್ದರಿಂದ ಅಪ್ಪ ವೈರಿನ ಮೆಷಿನ್ನು ಹಾಕಿಸಿಕೊಂಡ. ಅದರಲ್ಲಿ ಫ್ಯಾನಿನ, ಕಾಗೆಯ, ಪಾತ್ರೆಯ ಸದ್ದೆಲ್ಲ ಒಟ್ಟಿಗೇ ನುಗ್ಗುತ್ತದೆ ಎಂದು ಅರ್ಧ ದಿನ ತೆಗೆದಿಡುತ್ತಿದ್ದ. ಅದನ್ನು ಹಾಕಿಕೊಂಡೇ ನಮ್ಮನ್ನು ಕರೆದುಕೊಂಡು ಹಳ್ಳಿಗೆ ಹೋದ. ಅಜ್ಜಿ ಮೂಲೆಯಲ್ಲಿ ಹಾಸಿಗೆಗೆ ಒರಗಿದ್ದಳು. ಅಪ್ಪ ಅವಳ ಪಕ್ಕ ಕೂತು, ಜೇಬಿನಿಂದ ಪೆಟ್ಟಿಗೆ ತೆಗೆದು ತೋರಿಸಿ, ಆ ದಿನ ತನಗೆ ಕೇಳಿಸಲಿಲ್ಲ ಎಂದು ಎಲ್ಲ ಹೇಳಿದ. ಅಜ್ಜಿ ವೈರನ್ನು ಮುಟ್ಟಿ ನೋಡಿದಳು. ಅಮ್ಮನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದಳು.

“ಹಿಂಗೇಳು ಅಂತ ನಿನ್ನ ಹೆಂಡ್ರು ಹೇಳ್ಕೊಟ್ಟಳಾ?”

ಅಪ್ಪ ಆ ಮಾತನ್ನು ಹಿಡಿಯಲಾಗದೆ ಏನಂದಳು ಎಂದು ನನ್ನ ಮುಖ ನೋಡಿದ. ಹುಷಾರಾಗಿರು ಅಂದಳು ಎಂದು ನಾನು ಹೇಳಿದೆ. ಅವನು ತಲೆಯಾಡಿಸಿ ತಾಯಿಯ ಕೈ ಹಿಡಿದುಕೊಂಡ. ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು.

ಹತ್ತನೇ ಕ್ಲಾಸಿಗೆ ಹೊಸ ಇಂಗ್ಲಿಷ್ ಮೇಡಂ ಬಂದರು. ಕಾನ್ವೆಂಟಿನಲ್ಲಿ ಓದಿದವರು, ಅವರ ಇಂಗ್ಲಿಷ್ ಕೇಳಲು ಚೆಂದ. ಮೊದಲ ದಿನವೇ ಬೆಂಚುಗಳೆಲ್ಲ ಬೋರ್ಡಿನ ಕಡೆ ತಿರುಗಿದವು. ಪಬ್ಲಿಕ್ ಪರೀಕ್ಷೆಯ ವರ್ಷ, ಆಟ ಸಾಕು ಎಂದರು. ಅವರು ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ನಾನು ಯಾರ ಮಗಳು ಎಂಬುದು ಅವರಿಗೆ ಗೊತ್ತಿತ್ತು. ನನ್ನ ಬೆಂಚಿನ ಹತ್ತಿರ ಬಂದಾಗಲೆಲ್ಲ ದನಿ ಸ್ವಲ್ಪ ಏರಿಸುತ್ತಿದ್ದರು, ನನಗೂ ಕೇಳಿಸುವುದಿಲ್ಲವೇನೋ ಎನ್ನುವಂತೆ. ಕ್ಲಾಸು ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ ಹೆಡ್‌ಮಾಸ್ಟರು ವರಾಂಡದಲ್ಲಿ ಹಾಯುವಾಗ ಒಳಗೆ ಇಣುಕುವ ಅಗತ್ಯವೂ ಅವರಿಗೆ ಬೀಳುತ್ತಿರಲಿಲ್ಲ. ಶಿವರಾಜ ಮತ್ತೆ ನಿದ್ದೆ ಮಾಡತೊಡಗಿದ. ಅಪ್ಪ ಕಟ್ಟಡದ ಆ ತುದಿಯ ಆಫೀಸಿನಲ್ಲಿ ಹಳೆಯ ಅಂಕಪಟ್ಟಿಗಳ ನಡುವೆ ಕೂತಿರುತ್ತಿದ್ದ. ಸಂಜೆ ಮನೆಗೆ ಬಂದು ಕೈಕಾಲು ತೊಳೆದವನೇ ನನ್ನನ್ನು ಕಿಟಕಿಯ ಬೆಳಕಿಗೆ ಕರೆದು, ಇವತ್ತು ಕ್ಲಾಸಲ್ಲಿ ಏನು ಮಾತಾಡಿದಿರಿ ಎಂದು ಕೇಳುತ್ತಿದ್ದ. ಪಾಠ ಮುಂದಕ್ಕೆ ಹೋಯಿತು ಎನ್ನುತ್ತಿದ್ದೆ. ಯಾರು ಮಾತಾಡಿದರು ಎನ್ನುತ್ತಿದ್ದ. ನಾನು ಬ್ಯಾಗು ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಒಂದು ದಿನ ಅವನು ದಾರಿ ಬಿಡಲಿಲ್ಲ.

“ಯಾರೂ ಮಾತಾಡಲ್ಲ ಅಪ್ಪ,” ಎಂದೆ. “ಬರ್ಕೊತೀವಿ ಅಷ್ಟೇ.”

ತಪ್ಪಾಗಿ ಓದಿಕೊಂಡೆನೋ ಎಂದು ಅವನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಕುರ್ಚಿಯ ಮೇಲೆ ಕೂತ. ಮೆಷಿನ್ನನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಅವನು ಅತ್ತದ್ದನ್ನು ನಾನು ನೋಡಿಲ್ಲ, ಅಂದೂ ಅಳಲಿಲ್ಲ. ಅಜ್ಜಿಯ ಕೂಗು ಕೇಳಿಸದೆ ಹೋದದ್ದಕ್ಕೂ, ಮನೆ ಹೋದದ್ದಕ್ಕೂ ಕಾಣದಿದ್ದ ಏನೋ ಒಂದು ಅವನ ಮುಖದಲ್ಲಿ ಅಂದು ಕಂಡಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಯಾವತ್ತೂ ಪಾಠದ ವಿಷಯದಲ್ಲಿ ಬಾಯಿ ಹಾಕದವಳು ನನಗಷ್ಟೇ ಕೇಳುವಂತೆ ಹೇಳಿದಳು.

“ನಿಂಗೆ ಮಾತು ಬರಲ್ವಾ?”

ಮರುದಿನ ಮೂರನೇ ಪೀರಿಯಡ್ಡು. ಪಾಠದಲ್ಲಿ ಒಬ್ಬ ಮುದುಕಿ ತನ್ನ ಹಸುವನ್ನು ಮಾರಿ ಮನೆಗೆ ಬರುತ್ತಾಳೆ. ಮೇಡಂ ಆ ಪಾಠದ ಪ್ರಶ್ನೆಗೆ ಉತ್ತರ ಬರೆಸುತ್ತಿದ್ದರು. ಎಲ್ಲರ ಪೆನ್ನುಗಳೂ ಓಡುತ್ತಿದ್ದವು. ನಾನು ಎದ್ದು ನಿಂತೆ. ನನ್ನ ಮೊಣಕಾಲು ಬೆಂಚಿಗೆ ಬಡಿದು ಸದ್ದಾಯಿತು. ಮೇಡಂ ಪುಸ್ತಕದಿಂದ ಕಣ್ಣೆತ್ತಿ, ಸಿಟ್ ಡೌನ್ ಎಂದರು. ನಾನು ಕೂರಲಿಲ್ಲ. ಪೆನ್ನುಗಳು ಒಂದೊಂದಾಗಿ ನಿಂತವು. ಹಿಂದಿನ ಬೆಂಚಿನಲ್ಲಿ ಶಿವರಾಜ ತಲೆ ಎತ್ತಿದ್ದು ನನಗೆ ನೋಡದೆಯೇ ಗೊತ್ತಾಯಿತು. ಮೇಡಂ ಪುಸ್ತಕದ ನಡುವೆ ಬೆರಳಿಟ್ಟು ಅದನ್ನು ಮುಚ್ಚಿ, ದನಿ ಏರಿಸಿ, ಈ ಸಲ ಕನ್ನಡದಲ್ಲಿ ಕೇಳಿದರು.

“ಏನು ನಿನ್ನ ಪ್ರಶ್ನೆ?”

ಆ ಮುದುಕಿ ಹಸು ಮಾರಿದ್ದು ಸರಿಯೇ ಎಂದು ನಾನು ಇಂಗ್ಲಿಷಿನಲ್ಲೇ ಕೇಳಿದೆ.